ಗೇಟಿಗೆ ಅಂಟಿಸಿದ ಮೊದಲ ಪಟ್ಟಿ

ಮೆಣಸಿನಕಾಯಿ ವರ್ತಕರ ಸಂಘದ ಹರಾಜು ಕಂಪ್ಯೂಟರಿನಲ್ಲೇ ನಡೆಯುತ್ತಿತ್ತು. ಅದನ್ನು ಕಾಯಲು ಫೈರ್‌ವಾಲ್ ಎಂಬ ಒಂದು ಕಾವಲು ತಂತ್ರಾಂಶ. ಹೊಸ ವೈರಸ್ಸುಗಳ ಗುರುತನ್ನು ಅದಕ್ಕೆ ದಿನಾ ತುಂಬುವುದು ಗುಮಾಸ್ತ ಮಡಿವಾಳಪ್ಪನ ಕೆಲಸ; ಅಷ್ಟು ಹೊತ್ತು ನೆಟ್ ನಿಲ್ಲಿಸಬೇಕು.

ಹೊಸ ಅಧ್ಯಕ್ಷ ಗುರುಬಸಪ್ಪ ಸಾವಕಾರರು ಗುಡುಗಿದರು. "ಕಾವಲು ಒಮ್ಮೆ ಇಟ್ಟರ ಮುಗೀತು. ದಿನಾ ಹತ್ತು ನಿಮಿಷ ನೆಟ್ ಯಾಕ ನಿಲ್ಲಸ್ತಿ? ಆ ಗುರುತು ತುಂಬೋದು ಬಂದ್ ಮಾಡು. ಕಳ್ಳ ಒಳಗ ಬಂದ್ರ ಮಾತ್ರ ನಿನ್ನ ನೌಕರಿ ಹೋತು!"

"ಗೇಟಿಗೂ ಇದೇ ಕಾಯ್ದೆ ಏನ್ರೀ, ಸಾವ್ಕಾರ್ರ?"

"ಎಲ್ಲಾದಕ್ಕೂ!"

ಒಳಗೆ ಬಿಡಬಾರದವರ ಫೋಟೊಗಳನ್ನು ಮಾರುಕಟ್ಟೆಯ ಗೇಟಿಗೆ ಅಂಟಿಸುವುದು ಸಂಘದ ರೂಢಿ. ಮಡಿವಾಳಪ್ಪ ಈಗಿನ ಪಟ್ಟಿ ಕಿತ್ತು, ಆರು ವರ್ಷದ ಹಿಂದೆ ಮೊದಲ ಸಲ ಮಾಡಿದ್ದನ್ನು ಅಂಟಿಸಿದ.

ಮರುದಿನ ಕಾವಲುಗಾರ ಹುಸೇನಸಾಬ ಸಾವಕಾರರ ಕಾರನ್ನೇ ತಡೆದ. "ತಪ್ಪು ತಿಳೀಬ್ಯಾಡ್ರಿ. ಪಟ್ಟ್ಯಾಗ ನಿಮ್ಮ ಫೋಟೊ ಐತ್ರಿ."

ಇತ್ತು. ಆಗ ಸಭೆಯಲ್ಲಿ ಕುರ್ಚಿ ಎಸೆದದ್ದಕ್ಕೆ ಸಂಘ ಅವರನ್ನು ಹೊರಗಿಟ್ಟಿತ್ತು.

ಅಷ್ಟರಲ್ಲಿ, ಕಾಯಿಗೆ ನೀರು ಹೊಡೆದು ತೂಕ ಏರಿಸಿ ಹೋದ ತಿಂಗಳು ಸಿಕ್ಕಿಬಿದ್ದಿದ್ದ ದಲಾಲ, "ಶರಣ್ರೀ ಸಾವ್ಕಾರ್ರ" ಎಂದು ಕೈಬೀಸುತ್ತ ಒಳನಡೆದ.

"ಆ ಕಳ್ಳನ್ನ ಹೆಂಗ ಬಿಟ್ಟಿ?"

"ಅಂವ ಹೊಸಾ ಕಳ್ಳ ರೀ. ಈ ಪಟ್ಟ್ಯಾಗ ಇಲ್ಲ."

ಸಾವಕಾರರು ಕಾರಿನಲ್ಲೇ ಕೂತು ಮಡಿವಾಳಪ್ಪನಿಗೆ ಫೋನು ಮಾಡಿದರು. "ನೆಟ್ ನಿಲ್ಲಸಪಾ. ಎರಡಕ್ಕೂ ಹೊಸಾ ಗುರುತು ಹಾಕು." ಆಮೇಲೆ ದನಿ ತಗ್ಗಿಸಿದರು. "ಮೊದಲು ಗೇಟಿಂದು."