ಏಕಾದಶಿಯ ಜಿರಲೆ

ಏಕಾದಶಿ ಅಂದ್ರೆ ನೀರೂ ಮುಟ್ಟಲ್ಲ ಅಂತ ಬೀದಿಗೆಲ್ಲ ಸಾರಿಕೊಂಡು ತಿರುಗೋ ವೇದಾವತಮ್ಮನ ಮಡಿಲಿಗೇ, ಭಜನೆ ಮಧ್ಯೆ, ಜಿರಲೆ ಹಾರಿ ಕೂತಿತು. ಬಂದ ಹೆಂಗಸರು ಕಿಸಕ್ಕನೆ ನಕ್ಕರು.

"ಇದು ನಿನ್ನ ಚೀಲದಲ್ಲೇ ಬಂದಿದ್ದು. ನಾಳೆಯಿಂದ ಬರಬೇಡ," ಅಂದಳು ವೇದಾವತಮ್ಮ, ಮನೆಗೆಲಸದ ಚೌಡಮ್ಮನಿಗೆ.

ಚೌಡಮ್ಮ ಜಗಳಕ್ಕೆ ನಿಲ್ಲಲಿಲ್ಲ. ಚೀಲದ ಬಾಯಿ ತೆರೆದಿಟ್ಟಳು. "ನಂದಾದ್ರೆ ಇದರೊಳಗೇ ಹೋಗಲಿ ಬಿಡಿ ಅಮ್ಮಾವ್ರೇ," ಅಂತ ಮಡಿಲಿಂದ ನೆಲಕ್ಕೆ ಬಿದ್ದಿದ್ದ ಜಿರಲೆಯನ್ನು ಪೊರಕೆಯಲ್ಲಿ ಮೆಲ್ಲಗೆ ತಳ್ಳಿದಳು. ಅದು ನೆಟ್ಟಗೆ ಮಂಚದಡಿ ನುಗ್ಗಿತು. ಅಮ್ಮಾವ್ರು ಉಪವಾಸದ ದಿನ ಕದ್ದು ತಿನ್ನೋ ಕೋಡುಬಳೆ ಡಬ್ಬಿ ಅಲ್ಲೇ ಇರೋದು, ದಿನಾ ಕಸ ಗುಡಿಸೋಳಿಗೆ ಗೊತ್ತಿಲ್ಲವೇ?

"ಅಡಿಯಲ್ಲಿರೋದನ್ನೆಲ್ಲ ಈಚೆಗೆಳೆದು ಹುಡುಕಲಾ ಅಮ್ಮಾವ್ರೇ?"

"ಬೇಡ ಕಣೇ. ಏಕಾದಶಿ ದಿನ ಜೀವಹಿಂಸೆ ಯಾಕೆ?"

ಹೆಂಗಸರು ಹೋದ ಮೇಲೆ ವೇದಾವತಮ್ಮ ಅರ್ಧ ಡಬ್ಬಿ ಕೋಡುಬಳೆಯನ್ನು ಚೌಡಮ್ಮನ ಸೆರಗಿಗೆ ಸುರಿದು, "ನಾಳೆ ಬರ್ತಾ ಗಟ್ಟಿ ಮುಚ್ಚಳದ ಡಬ್ಬಿ ಒಂದು ತಾರೇ," ಅಂದಳು.