ಕೌದಿಗೆ ಗಿರಾಕಿ ಹುಡುಕಿದ ಯಮನೂರ

ಒಂದು ಊರಿತ್ತು ಅಂತಿಟ್ಟುಕೊಳ್ಳಿ. ಹೆಸರು ಮಾತ್ರ ಕೇಳಬೇಡಿ, ಅಲ್ಲಿಯವರೆಲ್ಲರ ಹತ್ತಿರ ನನ್ನ ಮೊಬೈಲ್ ನಂಬರ್ ಇದೆ. ಆ ಊರಲ್ಲಿ ಫಕೀರವ್ವ ಅಂತ ಒಬ್ಬಳು ಕೌದಿ ಹೊಲಿಯುವವಳು. ಹಳೇ ಸೀರೆ ತಂದುಕೊಟ್ಟರೆ ಸಾಕು, ಪದರದ ಮೇಲೆ ಪದರ ಇಟ್ಟು, ಸಣ್ಣ ಸಣ್ಣ ಹೊಲಿಗೆ ಹಾಕಿ, ಎಂಥಾ ಚಿಂತೆಯವನೂ ಗೊರಕೆ ಹೊಡೆಯುವಂಥ ಕೌದಿ ಮಾಡಿಕೊಡುತ್ತಿದ್ದಳು. ಅವಳಿಗೊಬ್ಬ ಮಗ, ಯಮನೂರ. ತಲೆ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಇಂಥ ಮಗ ಬೇಕು ಅಂತ ಹರಕೆ ಹೊರುವವರಿದ್ದಾರೆ. ಹೊರಬೇಡಿ.

ಹೀಗಿರುವಾಗ ಊರ ಪೇಟೆಯಲ್ಲಿ ಕೊಟ್ರಪ್ಪ ಅನ್ನುವವನು ಗಾದಿ ಅಂಗಡಿ ತೆಗೆದ. ಸ್ಪಂಜಿನ ಗಾದಿ, ಮಿಲ್ಲಿನ ರಗ್ಗು, ಬಣ್ಣ ಬಣ್ಣದ ದಿಂಬು. ಜನ ಅತ್ತ ತಿರುಗಿದರು. ಫಕೀರವ್ವನ ಜಗಲಿ ಖಾಲಿಯಾಯಿತು. ಒಂದು ದಿನ ಕೊಟ್ರಪ್ಪನೇ ಬಂದು, "ಫಕೀರವ್ವಾ, ಸುಮ್ಮನ ನಮ್ಮ ಅಂಗಡಿಗೆ ಬಂದು ದಿಂಬಿನ ಚೀಲಾ ಹೊಲಿ. ದಸರಾ ಮುಗಿಯೂದ್ರಾಗ ಹೇಳಿಬಿಡು" ಅಂದು ಹೋದ. ಸ್ವಂತ ಜಗಲಿಯ ಮೇಲೆ ಕೂತು ಹೊಲಿದವಳು ಇನ್ನೊಬ್ಬರ ಅಂಗಡಿಯ ಮೂಲೆ ಹಿಡಿಯುವುದೇ?

"ಲೇ ಯಮನೂರಾ, ಹೊಸಾ ಗಿರಾಕಿ ಹುಡುಕಬೇಕಲೇ! ಇಲ್ಲಂದ್ರ ನಿಮ್ಮವ್ವ ಕೊಟ್ರಪ್ಪನ ಆಳಾಗ್ತಾಳ!"

"ಹುಡುಕೂಣು ಬೇ. ಎಲ್ಲಿ ಕಳದಾವ?"

"ಕಳದಿಲ್ಲಲೇ ಮಂಗ್ಯಾ! ಗುರುತು ಪರಿಚಯದವರ ಮನಿಗೆ ಹೋಗಬೇಕು. ಹೋದ ಕೂಡ್ಲೆ ಕೌದಿ ಅನಬ್ಯಾಡ, ಮಂದಿ ಹೆದರತಾರ. ಮೊದಲ ಮಳಿ ಬೆಳಿ ಮಾತಾಡು. ನಮ್ಮ ಮ್ಯಾಲೆ ವಿಶ್ವಾಸ ಬರಬೇಕು."

"ಆತು ಬೇ, ಹಂಗ ಮಾಡ್ತೀನಿ."

ಯಮನೂರ ಸೋದರಮಾವನ ಮನೆಗೆ ಹೋದ. ಕೂತ. ಮಳೆ ಮಾತಾಡಿದ. ಬೆಳೆ ಮಾತಾಡಿದ. ಚಹಾ ಕುಡಿದ. ಮತ್ತೆ ಮಳೆಗೆ ಬಂದ. ಮಾವ ಕೂತಲ್ಲೇ ತೂಕಡಿಸಿದ. ಅತ್ತೆ ತಾನಾಗಿಯೇ ಟ್ರಂಕು ತೆಗೆದು, "ಯಮನೂರಾ, ಈ ಹಳೇ ಸೀರಿ ಏನ ಮಾಡೂದೋ ತಿಳೀವಲ್ದು ನೋಡು" ಅಂದಳು.

"ಅದಿರಲಿ ಅತ್ತೀ, ಜ್ವಾಳ ಹೆಂಗ ಬಂದಾವ?" ಅಂದ ಯಮನೂರ.

ಅಷ್ಟರಲ್ಲಿ ಬೀದಿಯಲ್ಲಿ ಪಾತ್ರೆಯವನು ಕೂಗಿದ. ಅತ್ತೆ ಸೀರೆಯನ್ನೆಲ್ಲ ಅವನಿಗೆ ಹಾಕಿ ಒಂದು ಸ್ಟೀಲಿನ ಬೋಗುಣಿ ತಗೊಂಡಳು. ಯಮನೂರ ಬೋಗುಣಿ ಚೆನ್ನಾಗಿದೆ ಅಂತ ಹೊಗಳಿ ಮನೆಗೆ ಬಂದ.

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. "ನಿನ್ನ ಬಾಯಿ ಬಿದ್ದು ಹೋಗಲಿ! ಆಕಿ ಕೈಯಾಗ ಸೀರಿ ಹಿಡದು ನಿಂತ್ರ ಜ್ವಾಳ ಕೇಳ್ತಿ ಅಲ್ಲೋ! ಹೊಸ್ತಲಾ ದಾಟಿದ ಕೂಡ್ಲೆ ಹೇಳಬೇಕಲೇ, ನಾವು ಕೌದಿ ಹೊಲೀತೀವಿ, ಹಳೇ ಸೀರಿ ಇದ್ರ ಕೊಡ್ರಿ ಅಂತ! ಮಂದಿ ಕೂಡಿದಲ್ಲಿ ಹೇಳು, ಒಂದ ಸಲಕ್ಕ ಎಲ್ಲರಿಗೂ ಮುಟ್ಟತೈತಿ."

"ಆತು ಬೇ, ಹಂಗ ಮಾಡ್ತೀನಿ."

ಮರುದಿನ ಪಾಟೀಲರ ಮನೆಯ ಮುಂದೆ ಮಂದಿಯೋ ಮಂದಿ. ಪಾಟೀಲರ ತಾಯಿ ತೀರಿಕೊಂಡಿದ್ದಳು. ಹೆಣ ಇನ್ನೂ ಪಡಸಾಲೆಯಲ್ಲೇ ಇತ್ತು. ಯಮನೂರನಿಗೆ ಖುಷಿಯೋ ಖುಷಿ. ಹೊಸ್ತಿಲು ದಾಟಿದ, ಗಂಟಲು ಸರಿ ಮಾಡಿಕೊಂಡ. "ನಾವು ಕೌದಿ ಹೊಲೀತೀವ್ರಿ! ಹಳೇ ಸೀರಿ ಇದ್ರ ಕೊಡ್ರಿ! ಆಯಿಗಂತೂ ಇನ್ನ ಬೇಕಾಗೂದಿಲ್ಲ!"

ಹೆಗಲು ಕೊಡಲು ಬಂದವರು ಅಜ್ಜಿಯನ್ನು ಅಲ್ಲೇ ಬಿಟ್ಟು, ಮೊದಲು ಇವನನ್ನು ಹೊತ್ತು ಹೊರಗೆ ಹಾಕಿ ಬಂದರು.

"ಅಯ್ಯ ನಿನ್ನ! ಸತ್ತವರ ಮನ್ಯಾಗ ವ್ಯಾಪಾರ ಮಾಡ್ತಾರೇನಲೇ? ಮಂದಿ ಅಳಾಕ ಹತ್ತಿದಲ್ಲಿ ನಾವೂ ಕಣ್ಣಾಗ ನೀರ ತರಬೇಕು. 'ಹೋದವರು ತಿರುಗಿ ಬರೂದಿಲ್ರಿ, ಸಮಾಧಾನ ಮಾಡ್ಕೋರಿ' ಅನಬೇಕು. ಕಷ್ಟದಾಗ ಬಂದವನ್ನ ಮಂದಿ ಮರಿಯೂದಿಲ್ಲ."

"ಆತು ಬೇ, ಹಂಗ ಮಾಡ್ತೀನಿ."

ಮಂದಿ ಅಳುವುದನ್ನು ಹುಡುಕುತ್ತ ಯಮನೂರ ಊರೆಲ್ಲ ಸುತ್ತಿದ. ಒಂದು ಕಡೆ ಸಿಕ್ಕೇ ಸಿಕ್ಕಿತು. ಕಿರಾಣಿ ಸಾಹುಕಾರರ ಮನೆ. ಮದುವೆ ಮುಗಿದು ಮಗಳನ್ನು ಗಂಡನ ಮನೆಗೆ ಕಳಿಸುತ್ತಿದ್ದರು. ಮಗಳು ಅಳುತ್ತಿದ್ದಳು, ತಾಯಿ ಅಳುತ್ತಿದ್ದಳು, ಸಾಹುಕಾರರು ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಯಮನೂರ ನುಗ್ಗಿಹೋಗಿ ಸಾಹುಕಾರರನ್ನು ತಬ್ಬಿಕೊಂಡ. "ಹೋದವರು ತಿರುಗಿ ಬರೂದಿಲ್ರೀ! ಸಮಾಧಾನ ಮಾಡ್ಕೋರೀ!"

ಮದುಮಗ ಕಾರಿನಿಂದ ಇಳಿದ. ಮದುಮಗನ ಅಣ್ಣಂದಿರೂ ಇಳಿದರು. ಅವರು ಸಮಾಧಾನ ಮಾಡಿದ ರೀತಿಯನ್ನು ನಾನು ಹೇಳುವುದಿಲ್ಲ. ಯಮನೂರ ಕುಂಟುತ್ತ ಮನೆ ಸೇರಿದ.

"ಮದವಿ ಮನ್ಯಾಗ ಹಂಗಂತಾರೇನಲೇ ಖೋಡಿ! 'ಭಾಳ ಸಂತೋಷ ಆತು, ಇಂಥಾದ್ದು ನಿಮ್ಮನ್ಯಾಗ ಮತ್ತ ಮತ್ತ ಆಗಲಿ' ಅನಬೇಕು! ಇನ್ನ ನೀ ಮಂದಿ ಮನಿಗೆ ಹೋಗೂದ ಬ್ಯಾಡ. ಈಗೆಲ್ಲಾ ಮಂದಿ ಮೊಬೈಲಿನ್ಯಾಗ ಗಿರಾಕಿ ಹಿಡೀತಾರಂತ. ನೀನೂ ಹಿಡಿ. ಊರ ಗ್ರೂಪಿನ್ಯಾಗ ಯಾರು ಏನ ಹಾಕಿದ್ರೂ ಒಂದ ಚಲೋ ಮಾತು ಬರಿ, ತೆಳಗ ನಮ್ಮ ಕೌದಿ ಸುದ್ದಿ ಹಾಕು."

"ಆತು ಬೇ, ಹಂಗ ಮಾಡ್ತೀನಿ."

ಊರಿಗೊಂದು ವಾಟ್ಸಾಪ್ ಗ್ರೂಪ್ ಇತ್ತು. ಒಬ್ಬರು ಹಾಕಿದರು: ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬೈಕ್ ಕಳವಾಗಿದೆ. ಇನ್ನೊಬ್ಬರು ಹಾಕಿದರು: ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಕಾಲು ಮುರಿದಿದೆ. ಮತ್ತೊಬ್ಬರದು: ನಮ್ಮ ಎಮ್ಮೆ ರಾತ್ರಿ ಸತ್ತಿತು. ಯಮನೂರ ಯಾರಿಗೂ ಭೇದ ಮಾಡಲಿಲ್ಲ. ಎಲ್ಲರಿಗೂ ಬರೆದ: "ಬಹಳ ಸಂತೋಷವಾಯಿತು. ಇಂಥಾದ್ದು ನಿಮ್ಮ ಮನೆಯಲ್ಲಿ ಮತ್ತೆ ಮತ್ತೆ ಆಗಲಿ. ನಮ್ಮಲ್ಲಿ ಕೌದಿ ಹೊಲಿದು ಕೊಡಲಾಗುವುದು."

ನಗಬೇಡಿ. ಸತ್ತ ಸುದ್ದಿಗೆ ಹೆಬ್ಬೆರಳು ಎತ್ತಿ ತೋರಿಸುವವರು ಇಲ್ಲೇ ಕೂತಿದ್ದೀರಿ, ನಾನು ನೋಡಿದ್ದೇನೆ.

ಗ್ರೂಪಿನಿಂದ ಅವನನ್ನು ತೆಗೆದುಹಾಕಿದರು. ಎಮ್ಮೆಯವರು ಬಂದು ಬೈದು ಹೋದರು. ಕಾಲು ಮುರಿದವರು ಆಟೋ ಮಾಡಿಕೊಂಡು ಬಂದು ಊರುಗೋಲಿನಿಂದ ಎರಡು ಬಿಟ್ಟು ಹೋದರು. ಇಷ್ಟು ಮಂದಿ ಮನೆಗೆ ಬಂದದ್ದು ಕಂಡು ಯಮನೂರನಿಗೆ ಮಾತ್ರ ಸಮಾಧಾನವಾಯಿತು. "ನೋಡ ಬೇ, ಮೊಬೈಲಿನ್ಯಾಗ ಹಾಕಿದ್ರ ಹೆಂಗ ಬರ್ತಾರ!"

"ಬರಿಯೂದ ಬ್ಯಾಡೋ ನಮ್ಮಪ್ಪಾ!" ಫಕೀರವ್ವ ಸೆರಗೊಡ್ಡಿದಳು. "ಮಾತ ಬ್ಯಾಡ! ಬರೇ ಫೋಟೋ ಹಾಕು. ನಮ್ಮ ಕೌದಿ ಮ್ಯಾಲೆ ಮಕ್ಕೊಂಡವರಿಗೆ ಹೆಂಥಾ ನಿದ್ದಿ ಬರ್ತೈತಿ, ಅದನ್ನ ನಾಕ ಮಂದಿ ನೋಡ್ಲಿ."

"ಆತು ಬೇ, ಹಂಗ ಮಾಡ್ತೀನಿ."

ಪಂಚಾಯ್ತಿ ಆಫೀಸಿನ ಗುಮಾಸ್ತ ಫಕೀರವ್ವನಿಗೆ ಉಳಿದಿದ್ದ ಒಬ್ಬನೇ ಗಿರಾಕಿ. ಮಧ್ಯಾಹ್ನ ಊಟ ಮುಗಿಸಿ, ಎರಡು ಕಪಾಟಿನ ನಡುವೆ ಕೌದಿ ಹಾಸಿಕೊಂಡು, ಬಾಯಿ ತೆರೆದು ಮಲಗಿದ್ದ. ಹೊರಗೆ ಬಿಸಿಲಲ್ಲಿ ಜನ ಸಾಲಾಗಿ ನಿಂತಿದ್ದರು. ಯಮನೂರ ಕಿಟಕಿಯಿಂದ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ. ಅದನ್ನು ಯಾರೋ ತೆಗೆದುಕೊಂಡು ಇನ್ನೆಲ್ಲಿಗೋ ಹಾಕಿದರು, ಅಲ್ಲಿಂದ ಇನ್ನೆಲ್ಲಿಗೋ ಹೋಯಿತು. ಸಂಜೆಯೊಳಗೆ ತಾಲೂಕಿನ ಮಂದಿಯೆಲ್ಲ ಗುಮಾಸ್ತನ ನಿದ್ದೆ ನೋಡಿದರು. ಅವನಿಗೆ ಮೇಲಿನಿಂದ ನೋಟಿಸ್ ಬಂತು. ಕೌದಿ ತಂದು ಫಕೀರವ್ವನ ಅಂಗಳಕ್ಕೆ ಒಗೆದು ಹೋದ.

"ಇದ್ದೊಬ್ಬ ಗಿರಾಕಿನೂ ಹ್ವಾದನಲ್ಲೋ! ಮಕ್ಕೊಂಡವರ ಫೋಟೋ ಹಂಗ ತಗೀತಾರೇನು? ಮೊದಲ ಎಬ್ಬಿಸಬೇಕು! ತಗೀಲೇನ್ರಿ ಅಂತ ಕೇಳಬೇಕು! ಹೂಂ ಅಂದ್ರ ತಗೀಬೇಕು!"

"ಆತು ಬೇ, ಹಂಗ ಮಾಡ್ತೀನಿ."

ಆದರೆ ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ. ಆ ಫೋಟೋ ನೋಡಿಯೇ ದೂರದ ಊರಿನಿಂದ ಪ್ರಮೀಳಾಬಾಯಿ ಅನ್ನುವ ಲಾಡ್ಜಿನ ಮಾಲಕಿ ಕಾರು ಮಾಡಿಕೊಂಡು ಬಂದಳು. "ನನಗ ಭಾಳ ದಿವಸಾತು, ನಿದ್ದಿನ ಇಲ್ಲ. ನಿಮ್ಮ ಕೌದಿ ಹೊದ್ದು ನೋಡ್ತೀನಿ. ಕಣ್ಣ ಹತ್ತಿದ್ರ ಲಾಡ್ಜಿಗೆಲ್ಲಾ ನಿಮ್ಮ ಕೌದಿನ ಹಾಕಸ್ತೀನಿ" ಅಂದಳು.

ಫಕೀರವ್ವ ಮೆತ್ತನೆಯ ಇಳಕಲ್ ಸೀರೆಗಳ ಕೌದಿ ತಂದು ಹೊದಿಸಿದಳು. ಪ್ರಮೀಳಾಬಾಯಿ ಒಂದು ಮಗ್ಗುಲಾದಳು, ಅಷ್ಟೇ. ಉಸಿರು ನಿಧಾನವಾಯಿತು, ಮುಖದ ಗಂಟು ಬಿಚ್ಚಿತು. ಫಕೀರವ್ವನ ಕಣ್ಣಲ್ಲಿ ನೀರು ಬಂತು. ಶಿರಾ ಮಾಡಲು ಒಳಗೆ ಹೋಗುತ್ತ ಮಗನ ಕಿವಿಯಲ್ಲಿ, "ಲೇ, ಇನ್ನ ಆಕಿ ಕಣ್ಣ ತೆರೆದಳಂದ್ರ ಆತು, ನಮ್ಮ ಕೆಲಸ ಆದಂಗ!" ಅಂದಳು.

ಯಮನೂರ ಕೂತು ವಿಚಾರ ಮಾಡಿದ. ಕಣ್ಣು ತೆರೆದರೆ ಕೆಲಸ ಆದಂತೆ. ಫೋಟೋ ತೆಗೆಯಲೂ ಮೊದಲು ಎಬ್ಬಿಸಬೇಕು. ಮತ್ತೆ ತಡ ಯಾಕೆ? ಹಿತ್ತಾಳೆ ತಾಟು ತಂದ, ಸೌಟು ತಂದ, ಅವಳ ಕಿವಿಯ ಹತ್ತಿರ ಹಿಡಿದು ಢಣ್ ಅಂತ ಬಾರಿಸಿದ. "ಅಕ್ಕಾರ! ಫೋಟೋ ತಗೀಲೇನ್ರೀ?"

"ಹಾಂ! ಯಾರು! ಏನು! ಹೂಂ! ಅಯ್ಯಯ್ಯೋ!"

ಹೂಂ ಅಂದದ್ದು ಅವನಿಗೆ ಸ್ಪಷ್ಟವಾಗಿ ಕೇಳಿತ್ತು. ತೆಗೆದ. ಕೂದಲು ಕೆದರಿ, ಕಣ್ಣು ಗುಡ್ಡೆ ಹೊರಗೆ ಬಂದು, ಗದ್ದದವರೆಗೆ ಕೌದಿ ಹೊದ್ದ ಪ್ರಮೀಳಾಬಾಯಿ ಸ್ಟೇಟಸ್ಸಿಗೆ ಏರಿದಳು. ಫಕೀರವ್ವ ಶಿರಾ ತಂದಾಗ ಹಾಸಿಗೆ ಖಾಲಿ. ಕಾರು ನೆಟ್ಟಗೆ ಕೊಟ್ರಪ್ಪನ ಅಂಗಡಿಯ ಮುಂದೆ ಹೋಗಿ ನಿಂತಿತು.

ಫಕೀರವ್ವ ಈ ಸಲ ಬೈಯಲಿಲ್ಲ. ತಟ್ಟೆ ಕೆಳಗಿಟ್ಟು, ಗೋಡೆಗೆ ಒರಗಿ ಅತ್ತಳು. ನಗುವವರು ನಗಿ, ನನಗೆ ಅವಳನ್ನು ನೆನೆದರೆ ಕರುಳು ಕಿವುಚುತ್ತದೆ. "ನಾಳೆ ಕೊಟ್ರಪ್ಪನ ಅಂಗಡಿಗೆ ಹೋಗ್ತೀನೋ ಯಪ್ಪಾ. ಋಣ ಮುಗೀತು" ಅಂದಳು.

ಆಗ ಫೋನು ಬಂತು. ಯಮನೂರ ಸ್ಪೀಕರಿಗೆ ಹಾಕಿದ. ಪಕ್ಕದ ಊರಿನ ಒಂದು ದೊಡ್ಡ ಹಾಸ್ಟೆಲ್ಲಿನ ವಾರ್ಡನ್ ಸಾಹೇಬರು.

"ಆ ಫೋಟೋದಾಗಿನ ಕೌದಿ ನಿಮ್ದ ಏನ್ರಿ?"

ಅತ್ತು ಅತ್ತು ಫಕೀರವ್ವನ ದನಿ ಬಿದ್ದುಹೋಗಿತ್ತು. ಹೇಗೋ ಪಿಸುಗುಟ್ಟಿದಳು. "ಲೇ, ನಿನಗ ಕೈ ಮುಗೀತೀನಿ. ಅವರು ಏನ ಕೇಳಿದ್ರೂ ಹೂಂ ಅನ್ನು. ಬ್ಯಾರೆ ಒಂದ ಮಾತ ಆಡಬ್ಯಾಡ."

"ಹೂಂರಿ" ಅಂದ ಯಮನೂರ.

"ಆ ಬಾಯಾರ ಕಣ್ಣ ನೋಡಿದೆ. ನಿಮ್ಮ ಕೌದಿ ಹೊದ್ದರ ನಿದ್ದಿ ಹತ್ತೂದಿಲ್ಲೇನು?"

"ಹೂಂರಿ."

"ಭೇಷ್ ಆತು! ಪರೀಕ್ಷಾ ಬಂದಾವ, ನಮ್ಮ ಹುಡುಗ್ರು ಸಂಜಿಗೇ ಬಿದ್ಕೊಂತಾವ. ಹಾಸ್ಟೆಲ್ಲಿಗೆಲ್ಲಾ ಅಂಥಾವ ಬೇಕು. ಆಗ್ತೈತೇನು?"

"ಹೂಂರಿ."

ಫಕೀರವ್ವ ಎದ್ದು ಕೂತಳು. ಜನ್ಮವೆಲ್ಲ ಮಂದಿಗೆ ನಿದ್ದೆ ಬರಲಿ ಅಂತ ಹೊಲಿದವಳು, ಈಗ ನಿದ್ದೆ ಬಾರದಿರಲಿ ಅಂತ ಹೊಲಿಯಬೇಕು. ಹೊಲಿದರಾಯಿತು! ಗಿರಾಕಿ ಗಿರಾಕಿಯೇ. ಕಣ್ಣೊರೆಸಿಕೊಂಡು ಮಗನ ಬೆನ್ನು ತಟ್ಟಿದಳು.

"ವರ್ಷಾ ವರ್ಷಾ ಕೊಡ್ತೀರಿ?"

"ಹೂಂರಿ!"

"ಅಲ್ಲಾ, ನಿಮ್ಮವ್ವ ಒಬ್ಬಾಕೀನ ಅಂತ. ಆಕಿಗೆ ತ್ರಾಸ ಆಗ್ತೈತಿ. ಗಾದಿ ಅಂಗಡಿ ಕೊಟ್ರಪ್ಪನೂ ನಾ ಮಾಡಸಿ ಕೊಡ್ತೀನಿ ಅಂತ ಬೆನ್ನ ಹತ್ತ್ಯಾನ. ಈ ಕೆಲಸಾ ಅವಂಗ ಕೊಟ್ಟುಬಿಡ್ಲೇನಪಾ?"

ಫಕೀರವ್ವ ಎರಡೂ ಕೈ ಆಡಿಸಿದಳು, ತಲೆ ಆಡಿಸಿದಳು, ಮಗನ ಅಂಗಿ ಹಿಡಿದು ಜಗ್ಗಿದಳು. ಅವ್ವ ಸಂತೋಷಕ್ಕೆ ಕುಣಿಯುತ್ತಿದ್ದಾಳೆ ಅಂದುಕೊಂಡ ಯಮನೂರ. ಹೇಳಿದ್ದನ್ನು ಮರೆಯುವ ಮಗನೇ ಅವನು?

"ಹೂಂರೀ!" ಅಂದ, ಓಣಿಗೆಲ್ಲ ಕೇಳುವ ಹಾಗೆ.

ಫೋನು ಇಟ್ಟು ಅವ್ವನ ಕಡೆ ತಿರುಗಿದ. ಅವನ ಮುಖದಲ್ಲಿ ಅಂಥ ನಗು ಆ ಮನೆ ಎಂದೂ ಕಂಡಿರಲಿಲ್ಲ.

"ನೋಡಿದ್ಯಾ ಬೇ? ಈ ಸಲ ಒಂದೂ ತಪ್ಪಲಿಲ್ಲ!"