ಸಿಡುಕ ಬೇದೇಗೌಡ ಮಾಡಿದ ಕೋಲು

ಬಲು ಹಿಂದೆ, ಬೆಟ್ಟದ ನೆತ್ತಿಯ ಮೇಲೆ ಒಂದು ಪೋಡು ಇತ್ತಂತೆ. ಪೋಡು ಅಂದರೆ ನಮ್ಮ ಸೋಲಿಗರ ಊರು, ಹತ್ತು ಹನ್ನೆರಡು ಗುಡಿಸಲು. ಎಷ್ಟು ಹಿಂದೆ ಅಂತ ನನ್ನ ಕೇಳಬೇಡಿ. ನಮ್ಮಜ್ಜಿಯ ಕೇಳಿದರೆ ಅವಳೂ ಬಲು ಹಿಂದೆ ಅಂತಲೇ ಅನ್ನುತ್ತಿದ್ದಳು.

ಆ ಪೋಡಿನಲ್ಲಿ ಬೇದೇಗೌಡ ಅನ್ನುವವನಿದ್ದ. ಬಿದಿರಾಗಲಿ, ಮರವಾಗಲಿ, ನಾರಾಗಲಿ, ಅವನ ಕೈಗೆ ಬಂದರೆ ಹೇಳಿದ ಮಾತು ಕೇಳುತ್ತಿತ್ತಂತೆ. ಮನುಷ್ಯರು ಮಾತ್ರ ಕೇಳುತ್ತಿರಲಿಲ್ಲ. ಅದಕ್ಕೇ ಅವನು ಯಾವಾಗಲೂ ಸಿಡಿಸಿಡಿ ಅನ್ನುತ್ತಿದ್ದ. ಬುಟ್ಟಿ ಹೆಣೆಯುವಾಗ ಬುಟ್ಟಿ ಬೇಕು ಅಂದವರನ್ನು ಬೈಯುತ್ತಿದ್ದ, ಹೆಣೆದು ಮುಗಿದ ಮೇಲೆ ಒಯ್ಯಲು ಬಂದವರನ್ನು ಬೈಯುತ್ತಿದ್ದ. ಮಕ್ಕಳು ಅವನನ್ನು ಸಿಡುಕ ಬೇದ ಅಂತಲೇ ಕರೆಯುತ್ತಿದ್ದರಂತೆ.

ಅವನಿಗೊಬ್ಬಳು ಸೋದರತ್ತೆ, ಕೇತಮ್ಮ. ಅವನ ಅಪ್ಪನ ಅಕ್ಕ, ಅವನಿಗಿಂತ ಎರಡರಷ್ಟು ಸಿಡುಕಿ. ಕಾಡಿನಲ್ಲಿ ನೂರೆ ಗೆಡ್ಡೆ ಎಲ್ಲಿ ಬೇರಿಳಿಸಿದೆ ಅಂತ ಬಳ್ಳಿ ನೋಡಿದರೇ ಹೇಳುತ್ತಿದ್ದವಳು. ವಯಸ್ಸಾಗುತ್ತಾ ಅವಳ ಬೆರಳುಗಳು ಒಣಗಿದ ಬೇರಿನ ಹಾಗೆ ಸೊಟ್ಟಗಾದವು. ಮೊಣಕಾಲು ಊದಿ ಮಡಿಸಲಾರದಂತಾಯಿತು. ಸೊಸೆ ಜಡಿಯಮ್ಮ ಒಳ್ಳೆಯವಳು. ನೀನು ಏಳಬೇಡ ಅತ್ತೆ, ನಾನೇ ತರ್ತೀನಿ, ನಾನೇ ಉಣ್ಣಿಸ್ತೀನಿ ಅಂದಳು. ಮಗನೂ ಕೂತ್ಕೋ ಅಂದ. ಪೋಡಿನವರೆಲ್ಲಾ ಕೂತ್ಕೋ ಕೂತ್ಕೋ ಅಂದರು.

ಕೇತಮ್ಮ ಒಂದು ಮಳೆಗಾಲವೆಲ್ಲಾ ಕೂತಳು. ಆಮೇಲೆ ಒಂದು ಬೆಳಿಗ್ಗೆ ಸೊಸೆ ಅಂಬಲಿ ಕುಡಿಸಲು ಬಂದಾಗ ತುಟಿ ಬಿಗಿ ಹಿಡಿದಳಂತೆ.

"ನನ್ನ ಕೈ ನನ್ನ ಬಾಯಿಗೆ ಬರೋವರ್ಗೂ ನಂಗೆ ಊಟ ಬ್ಯಾಡ," ಅಂದಳು.

ಒಂದು ದಿನ ಆಯಿತು, ಎರಡು ದಿನ ಆಯಿತು. ನೀರು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಜಡಿಯಮ್ಮ ಅಳುತ್ತಾ ಬೇದೇಗೌಡನ ಹತ್ತಿರ ಓಡಿ ಬಂದಳು.

ಬೇದೇಗೌಡನಿಗೆ ಮೈಯೆಲ್ಲಾ ಉರಿದುಹೋಯಿತಂತೆ. ಸಾಯೋಕೆ ಹೊರಟಿದ್ದಾಳಲ್ಲ ಈ ಮುದುಕಿ, ಅದೂ ಹಟಕ್ಕೆ! ಗೊಣಗುತ್ತಲೇ ಕತ್ತಿ ಹಿಡಿದು ಕೂತ. ಬಿದಿರಿನ ಉದ್ದ ಹಿಡಿಯ ಒಂದು ಸೌಟು ಮಾಡಿದ. ನುಣ್ಣಗೆ, ಚೆಂದಕ್ಕೆ. ಒಯ್ದು ಕೊಟ್ಟ. ಕೇತಮ್ಮ ಹಿಡಿದಳು, ಸೌಟು ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಎತ್ತಿ ಅಂಗಳಕ್ಕೆ ಎಸೆದಳು. ಅವನು ಹೋಗಿ ದಪ್ಪ ಹಿಡಿಯ ಇನ್ನೊಂದು ಮಾಡಿ ತಂದ. ಅದೂ ಅಂಗಳಕ್ಕೆ ಬಿತ್ತು. ಮೂರನೆಯದು ಬೇಲಿ ದಾಟಿ ಬಿತ್ತಂತೆ. ಕೆಲವರು ಹಳ್ಳವನ್ನೇ ದಾಟಿತು ಅಂತಾರೆ. ಎರಡು ದಿನ ಉಪವಾಸವಿದ್ದವಳು ಅಷ್ಟು ದೂರ ಎಸೆದಾಳೆಯೇ? ಇರಲಿ ಬಿಡಿ, ಹಾಗಂತಾರೆ.

"ನಿಂಗೆ ಬೇಕಾದ್ದೇನು, ಬಾಯಿಬಿಟ್ಟು ಹೇಳಬಾರ್ದಾ?" ಅಂತ ಬೇದೇಗೌಡ ಕೂಗಾಡಿದ.

"ನಿನ್ ಕೈಗೆ ಮಾಡ್ಕೊಂಡು ಬಂದು ನಂಗ್ಯಾಕ್ಲಾ ಕೊಡ್ತೀಯೆ?" ಅಂದಳು ಕೇತಮ್ಮ. ಸೊಸೆಯ ಕಡೆ ತಿರುಗಿದಳು. "ಜಡೀ, ನಾರು ತಕ್ಕೊಂಡು ಬಾ. ಇವ್ನ ಬೆರಳು ಕಟ್ಟು. ಬಿಗಿಯಾಗಿ ಕಟ್ಟು."

ಜಡಿಯಮ್ಮ ಅಂಜುತ್ತಾ ಅವನ ಎರಡೂ ಕೈಯ ಬೆರಳುಗಳನ್ನು ಒಟ್ಟೊಟ್ಟಿಗೆ ಸುತ್ತಿ ಕಟ್ಟಿದಳು. ಮೊಣಕಾಲು ಮಡಿಸದ ಹಾಗೆ ಎರಡು ಕಾಲಿಗೂ ಬಿದಿರ ದಬ್ಬೆ ಕಟ್ಟಿದಳು. ಈಗ ಅಂಬಲಿ ಕುಡಿ ಅಂದಳು ಅತ್ತೆ. ಬೇದೇಗೌಡ ಸೌಟು ಹಿಡಿಯಲು ಹೋದ. ಅಂಬಲಿ ಎದೆಯ ಮೇಲೆ ಸುರಿಯಿತು. ಎದ್ದು ನಿಲ್ಲಲು ಹೋದ, ಮೂಲೆಗೆ ಉರುಳಿದ. ಬಾಗಿಲಲ್ಲಿ ನೆರೆದವರು ನಕ್ಕರು. ಅವನು ಎಲ್ಲರನ್ನೂ ಬೈದ. ಬೈದು ಬೈದು ಸುಸ್ತಾದ. ಹೊತ್ತು ಬಾಗುವವರೆಗೂ ಅವಳು ಕಟ್ಟು ಬಿಚ್ಚಿಸಲಿಲ್ಲವಂತೆ. ಆ ಹೊತ್ತಿಗೆ ಅವನಿಗೆ ಹಸಿವಾಗಿತ್ತು, ಬಾಯಾರಿತ್ತು, ಜಡಿಯಮ್ಮ ನೀರು ಕುಡಿಸಲು ಬಂದರೆ ಕಣ್ಣಲ್ಲಿ ನೀರು ಬಂದಿತ್ತು. ನಾಚಿಕೆಗೋ ಸಿಟ್ಟಿಗೋ ಅವನಿಗೇ ತಿಳಿಯಲಿಲ್ಲ.

ಕಟ್ಟು ಬಿಚ್ಚಿದ ಕೂಡಲೇ ಅವನು ಹೋಗಿ ಮತ್ತೆ ಕತ್ತಿ ಹಿಡಿದ. ಹಿಡಿಯೇ ಇಲ್ಲದ ಸೌಟು ಮಾಡಿದ. ಹಿಡಿಯ ಜಾಗದಲ್ಲಿ ಮೆತ್ತಗೆ ಬಡಿದ ನಾರಿನ ಪಟ್ಟಿ, ಬಳೆಯ ಹಾಗೆ ಅಂಗೈಗೆ ತೊಡಿಸುವಂಥದ್ದು. ಬೆರಳು ಮಡಿಸಲೇ ಬೇಕಿಲ್ಲ. ಸೋರೆ ಬುರುಡೆಯ ತಳಕ್ಕೆ ಜೇನುಮೇಣ ಮೆತ್ತಿ ಅಲುಗದ ಬಟ್ಟಲು ಮಾಡಿದ. ಕೇತಮ್ಮ ತೊಟ್ಟಳು, ಅದ್ದಿದಳು, ಎತ್ತಿದಳು. ಅರ್ಧ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು. ಬಟ್ಟಲು ಖಾಲಿಯಾದ ಮೇಲೆ ಅವಳು ಅಂದದ್ದು ಇಷ್ಟೇ:

"ಉಪ್ಪು ಕಮ್ಮಿ."

ಅಲ್ಲಿಂದ ಬೇದೇಗೌಡನಿಗೆ ನೆಮ್ಮದಿ ಇಲ್ಲವಾಯಿತು ನೋಡಿ. ಪೋಡಿನ ಮುದುಕರೆಲ್ಲಾ ಅವನ ಅಂಗಳಕ್ಕೆ ಬಂದರು. ಒಬ್ಬಳಿಗೆ ಬಗ್ಗದೆ ಒಲೆ ಊದಬೇಕು, ಉದ್ದದ ಕೊಳವೆ ಮಾಡಿಕೊಟ್ಟ. ಉದ್ದ ಹೆಚ್ಚಾಯಿತು ಅಂದಳು. ಕಣ್ಣು ಕಾಣದ ಕುಂಬಯ್ಯ ತಾತನಿಗೆ ಒಬ್ಬನೇ ಹಳ್ಳಕ್ಕೆ ಹೋಗಬೇಕು. ಗುಡಿಸಲಿಂದ ಹಳ್ಳದವರೆಗೆ ಮರದಿಂದ ಮರಕ್ಕೆ ಬಳ್ಳಿ ಎಳೆದು ಕಟ್ಟಿದ. ಒಂದು ಗಂಟು ಬಂದರೆ ಕಲ್ಲು, ಎರಡು ಬಂದರೆ ಇಳಿಜಾರು, ಮೂರು ಬಂದರೆ ನೀರು. ಆ ಬಳ್ಳಿ ಏಳು ಬೆಟ್ಟ ಸುತ್ತಿತ್ತು ಅಂತಲೂ ಹೇಳುವವರಿದ್ದಾರೆ. ಅದು ಸುಳ್ಳಿರಬೇಕು. ಆದರೆ ಕುಂಬಯ್ಯ ತಾತ ಎರಡನೇ ಗಂಟು ಒರಟಾಗಿದೆ ಅಂತ ದೂರಿದ್ದು ಮಾತ್ರ ದಿಟವಂತೆ.

"ಇವ್ರ ಸಹವಾಸ ಸಾಕಪ್ಪಾ!" ಅಂತ ಬೇದೇಗೌಡ ತಲೆ ಚಚ್ಚಿಕೊಳ್ಳುತ್ತಿದ್ದ. ಚಚ್ಚಿಕೊಂಡು ಮತ್ತೆ ಕತ್ತಿ ಹಿಡಿಯುತ್ತಿದ್ದ.

ಆಮೇಲೆ ಕೇತಮ್ಮ ಗೆಡ್ಡೆ ಅಗೆಯಲು ಕಾಡಿಗೆ ಹೋಗುತ್ತೇನೆ ಅಂದಳು. ಮಗ ಬೇಡ ಅಂದ. ಸೊಸೆ ಕಾಲು ಹಿಡಿದಳು. ಬೇದೇಗೌಡ ಬಾಯಿಗೆ ಬಂದ ಹಾಗೆ ಬೈದ. ಬೈಯುತ್ತಲೇ ಕೋಲು ಮಾಡಿದ. ಮೇಲೆ ಕಂಕುಳಿಗೆ ಆನಿಸಲು ಅಡ್ಡಮರ, ನಡುವೆ ಕೈ ತೂರಿಸಲು ನಾರಿನ ಕುಣಿಕೆ, ಕೆಳಗೆ ಪಾದ ಊರಿ ಒತ್ತಲು ಒಂದು ಗೂಟ. ನಡೆಯುವಾಗ ಊರುಗೋಲು, ನಿಂತಲ್ಲೇ ಭಾರ ಬಿಟ್ಟರೆ ಅಗೆಯುವ ಕೋಲು.

ಮರುದಿನ ಯಾರೂ ಏಳುವ ಮೊದಲೇ ಕೇತಮ್ಮ ಹೊರಟುಹೋಗಿದ್ದಳು.

ಮಧ್ಯಾಹ್ನವಾಯಿತು, ಬರಲಿಲ್ಲ. ಆನೆ ಓಡಾಡುವ ಹೊತ್ತಾಯಿತು, ಬರಲಿಲ್ಲ. ಅವಳ ಮಗ ಬೇದೇಗೌಡನ ಎದೆಗೆ ಕೈ ಹಾಕಿ ತಳ್ಳಿದ. ನೀನು ಕೋಲು ಕೊಟ್ಟಿದ್ದಕ್ಕೇ ನಮ್ಮವ್ವ ಹೋದಳು, ಅವಳಿಗೇನಾದರೂ ಆದರೆ ನೀನೇ ಕೊಂದ ಹಾಗೆ ಅಂದ. ಪೋಡಿನ ಯಜಮಾನನೂ ಅವನ ಮಾತಿಗೇ ತಲೆಯಾಡಿಸಿದ. ಕೋಲು ಮಾಡಬಾರದಿತ್ತೇನೋ ಅಂತ ಬೇದೇಗೌಡನಿಗೂ ಅನ್ನಿಸಿತು. ಎಲ್ಲರಿಗಿಂತ ಮುಂದೆ ಅವನೇ ಕಾಡಿಗೆ ನುಗ್ಗಿದ, ಅತ್ತೇ ಅತ್ತೇ ಅಂತ ಕೂಗುತ್ತಾ.

ಹಳೇ ಹೊಲದ ಏರಿನಲ್ಲಿ ಅವಳು ಎದುರಾದಳು. ಬೆನ್ನ ಮೇಲೆ ಬುಟ್ಟಿ, ಬುಟ್ಟಿ ತುಂಬಾ ಗೆಡ್ಡೆ, ಮೈಯೆಲ್ಲಾ ಮಣ್ಣು. ಹತ್ತು ಹೆಜ್ಜೆಗೊಮ್ಮೆ ಕೋಲಿಗೆ ಆತು ನಿಲ್ಲುತ್ತಾ ಬರುತ್ತಿದ್ದಳಂತೆ.

"ಯಾಕ್ಲಾ ಹಂಗೆ ಕಿರುಚ್ತಿದ್ದೀಯೆ? ಕಾಡೇನು ಕಿವುಡಾ?" ಅಂದಳು. ಕೋಲನ್ನು ಅವನ ಮುಂದೆ ಚಾಚಿದಳು. "ಇದು ಅರ್ಧ ಗೇಣು ಉದ್ದ ಜಾಸ್ತಿ. ಕಂಕುಳು ಕಿತ್ತೋಯ್ತು."

ಬೇದೇಗೌಡ ಅಲ್ಲೇ ನೆಲಕ್ಕೆ ಕುಸಿದು ಕೂತ. ಅತ್ತನೋ ನಕ್ಕನೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕತ್ತಿ ತೆಗೆದು ಕೋಲನ್ನು ಅಲ್ಲೇ ಕಡಿದು ಸರಿಮಾಡಿಕೊಟ್ಟ. ಬುಟ್ಟಿ ಹೊರುತ್ತೇನೆ ಅಂದ ಮಗನಿಗೆ ಅವಳು ಬುಟ್ಟಿ ಕೊಡಲಿಲ್ಲ. ಆಮೇಲೆ ಇನ್ನೂ ಒಂಬತ್ತು ಮಳೆಗಾಲ ಅವಳೇ ಗೆಡ್ಡೆ ಅಗೆದು ತಂದಳಂತೆ.

ಬೇದೇಗೌಡನೂ ಮುದುಕನಾದ, ಹೋದ. ಅವನನ್ನು ಹೂತ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಆ ಕಲ್ಲಿಗೆ ನಮ್ಮವರು ಹೂವಿಡುವುದಿಲ್ಲ. ಹೊಸ ರಾಗಿ ಬಂದ ದಿನ ಪೋಡಿನ ಮುದುಕರು ಒಬ್ಬೊಬ್ಬರಾಗಿ ಅದರ ಮುಂದೆ ನಿಂತು ಬೈಯುತ್ತಾರೆ. ಲೋ ಬೇದಾ, ನನ್ನ ಬಾಗಿಲ ಮೆಟ್ಟಿಲು ಎತ್ತರ ಕನ್ಲಾ. ಲೋ ಬೇದಾ, ಬಿಂದಿಗೆ ಎತ್ತೋಕಾಗ್ತಿಲ್ಲ, ಸತ್ತು ಮಲಗಿದ್ದೀಯಾ? ಅಂತ. ಹರೆಯದವರು ಹಿಂದೆ ನಿಂತು ಕೇಳಿಸಿಕೊಳ್ಳುತ್ತಾರೆ. ಯಾರ ಕಿವಿಗೆ ಯಾವ ದೂರು ಬಿತ್ತೋ, ಹೊತ್ತು ಮುಳುಗುವುದರೊಳಗೆ ಅವರು ಅದನ್ನು ಸರಿಮಾಡಿಕೊಡಬೇಕು. ಮಾಡಿಕೊಟ್ಟ ಮೇಲೆ ಎರಡು ಬೈಗುಳ ತಿಂದು ಬರಬೇಕು.